ಗೌರತ್ತೆಯ ಗ್ರಾಮರ್ ಪಾಠ

ಮೊನ್ನೆ ಜೆ.ಪಿ. ನಗರದ ನಮ್ಮ ಮನೆಯೆದುರು ಇಸ್ತ್ರಿ ಗಾಡಿಯವರು ನೀರು ಚಿಮುಕಿಸಿದ ಕಾಟನ್ ಸೀರೆಯ ಮೇಲೆ ಕೆಂಡದ ಪೆಟ್ಟಿಗೆ ಇಟ್ಟರು. ಆ ಬಿಸಿ ಬಟ್ಟೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಸುದ್ದಗುಂಟೆಪಾಳ್ಯದ ವಠಾರದಲ್ಲಿದ್ದ ನಮ್ಮ ಒಂದೂವರೆ ಕೋಣೆಯ ಮನೆ ಕಣ್ಣಮುಂದೆ ಬಂತು. ಈಗ ಅಲ್ಲಿ ಪಿ.ಜಿ. ಎದ್ದಿದೆ. ಆ ಮನೆಯವರಲ್ಲಿ ಉಳಿದವಳು ನಾನೊಬ್ಬಳೇ. ಅಪ್ಪನ ಅಕ್ಕ ಗೌರತ್ತೆ ಬಾಗಿಲಲ್ಲೇ ಮೇಜು ಹಾಕಿಕೊಂಡು ಬೀದಿಯವರ ಬಟ್ಟೆಗೆಲ್ಲ ಇಸ್ತ್ರಿ ಮಾಡುತ್ತಿದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿದವಳೂ ಅವಳೇ. ನಿಮ್ಮ ಮನೆಯಲ್ಲೂ ಅಂಥವರೊಬ್ಬರು ಇದ್ದಿರಬಹುದು.

ನನ್ನದು ಇಂಗ್ಲಿಷ್ ಮೀಡಿಯಂ. ನೌನ್, ವರ್ಬ್ ಎಂದು ಗಿಳಿಪಾಠ ಒಪ್ಪಿಸುತ್ತಿದ್ದೆ, ತಲೆಗೆ ಮಾತ್ರ ಏನೂ ಹತ್ತುತ್ತಿರಲಿಲ್ಲ. ಅತ್ತೆ ಓದಿದ್ದು ಕನ್ನಡದಲ್ಲಿ ಏಳನೇ ಕ್ಲಾಸು. ಆದರೂ ನಾನು ಸ್ಕೂಲಿನಿಂದ ಬಂದರೆ ಸಾಕು, ಇವತ್ತು ಏನು ಹೇಳಿಕೊಟ್ಟರೇ ಎಂದು ಕೇಳುತ್ತಿದ್ದಳು. ಬಟ್ಟೆ ಕೊಡಲು ಬರುತ್ತಿದ್ದ ಕಾಲೇಜು ಹುಡುಗಿಯರಿಂದ ನನ್ನ ಪಾಠದ ಅರ್ಥ ಕೇಳಿ ತಿಳಿದುಕೊಂಡು, ಸಂಜೆ ನನಗೆ ತನ್ನದೇ ದಾರಿಯಲ್ಲಿ ಹೇಳುತ್ತಿದ್ದಳು. ಹೆಸರಿಟ್ಟು ಕರೆಯುವುದೆಲ್ಲ ನೌನ್: ಅಂಗಿ, ಕೆಂಡ, ಮಡಿವಾಳ. ಮಾಡುವ ಕೆಲಸ ವರ್ಬ್: ಒಗೆ, ಹಿಂಡು, ಮಡಿಸು. ಅಂಗಿ ಬಿಳಿಯದೋ ಹರಕೋ ಎಂದು ಹೇಳುವುದು ಅಡ್ಜೆಕ್ಟಿವ್. ಪ್ರೊನೌನ್ ಬಳಿ ನಾನು ಮುಗ್ಗರಿಸಿದಾಗ ಪೆಟ್ಟಿಗೆ ಪಕ್ಕಕ್ಕಿಟ್ಟು ನಕ್ಕಳು.

"ಹೋಗ್ಬಿಟ್ರಲ್ಲ ನಿಮ್ ಮಾವ, ಅವ್ರ ಹೆಸ್ರು ನಾನು ಯಾವತ್ತಾದ್ರೂ ಹೇಳಿದೀನಾ? ಅವ್ರು ಬಂದ್ರು, ಅವ್ರು ಉಂಡ್ರು ಅಂತೀನಿ. ಹೆಸ್ರಿನ ಬದ್ಲು ಬರುತ್ತಲ್ಲ, ಅದೇ ಕಣೇ ಪ್ರೊನೌನ್."

ಸುದ್ದಿ ಹಬ್ಬಿ ವಠಾರದ ನಾಲ್ಕಾರು ಮಕ್ಕಳೂ ಪುಸ್ತಕ ಹಿಡಿದು ಬಂದು ಕೂರತೊಡಗಿದವು. ಕೆಲಸ ತಡವಾದರೂ ಅವಳಿಗೆ ಬೇಸರವಿರಲಿಲ್ಲ. ಮನೆಯವರು ತನ್ನನ್ನು ಬಿಡಿಸಿದ್ದ ಸ್ಕೂಲು ಈಗ ಮನೆ ಬಾಗಿಲಿಗೇ ಬಂದಿದೆ ಎಂದು ಹಿಗ್ಗುತ್ತಿದ್ದಳು.

ಐದನೇ ಕ್ಲಾಸಿನ ಪೇರೆಂಟ್ಸ್ ಮೀಟಿಂಗಿಗೆ ಅಪ್ಪನ ಬದಲು ಅವಳು ಬಂದಳು. ಗರಿಗರಿ ನೀಲಿ ಸೀರೆ, ಬೆರಳ ಮೇಲೆ ಸುಟ್ಟ ಕಲೆ. ಮಿಸ್ ನನ್ನ ಪೇಪರ್ ತೆಗೆದು, ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ ಎಂದು ನಾನು ಪ್ರೊನೌನ್‌ಗೆ ಬರೆದಿದ್ದ ಉದಾಹರಣೆಯನ್ನು ಎಲ್ಲರಿಗೂ ಮೆಚ್ಚುಗೆಯಿಂದ ಓದಿ ಹೇಳಿ, ಇದನ್ನು ಯಾರು ಹೇಳಿಕೊಟ್ಟರು ಎಂದು ಕೇಳಿದರು. ಅತ್ತೆ ಸೆರಗು ಸರಿಮಾಡಿಕೊಂಡು ನನ್ನ ಮುಖ ನೋಡಿದಳು. ಹಿಂದೆ ನನ್ನ ಗೆಳತಿಯರು, ಅವರ ಅಮ್ಮಂದಿರು ನಿಂತಿದ್ದರು.

"ಟ್ಯೂಷನ್ ಮಿಸ್," ಎಂದೆ.

ಅತ್ತೆಯನ್ನು ತೋರಿಸಿ ಇವರು ಯಾರು ಎಂದು ಮಿಸ್ ಕೇಳಿದಾಗ, ನಮ್ಮ ಬೀದಿಯಲ್ಲಿ ಇಸ್ತ್ರಿ ಮಾಡುವವರು ಎಂದೆ. ಹತ್ತಿದ ಏಣಿಯನ್ನು ಒದೆಯುವುದು ಎಂದರೆ ಇದೇ. ಈಗಲೂ ನೆನೆದರೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಅತ್ತೆ ಮಾತ್ರ, ಹೌದು ಮೇಡಂ, ಅವರಪ್ಪನಿಗೆ ಕೆಲಸವಿತ್ತು, ಅದಕ್ಕೆ ಬಂದೆ ಎಂದು ನನ್ನ ಸುಳ್ಳನ್ನು ಉಳಿಸಿದಳು.

ದಾರಿಯುದ್ದಕ್ಕೂ ನನ್ನ ಬ್ಯಾಗು ಅವಳ ಹೆಗಲ ಮೇಲೇ ಇತ್ತು. ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಮರುದಿನ ಸಂಜೆ ವಠಾರದ ಮಕ್ಕಳು ಬಂದಾಗ ಅವಳು ತಲೆಯೆತ್ತದೆ ಹೇಳಿದಳು: "ಓದಿರೋರ ಹತ್ರ ಹೋಗ್ರಪ್ಪ. ನಂಗೇನು ಬರುತ್ತೆ."

ಮಕ್ಕಳು ನನ್ನತ್ತ ನೋಡಿದವು. ನಾನು ಪುಸ್ತಕದೊಳಗೆ ಮುಖ ಹುದುಗಿಸಿದೆ. ಆಮೇಲೂ ಅತ್ತೆ ಹದಿನೆಂಟು ವರ್ಷ ಬದುಕಿದ್ದಳು. ಜಡೆ ಹಾಕಿದಳು, ಬಡಿಸಿದಳು, ಕಾಲೇಜಿಗೆ ಕಳಿಸಿದಳು. ಇವತ್ತು ಏನು ಹೇಳಿಕೊಟ್ಟರೇ ಎಂದು ಮಾತ್ರ ಮತ್ತೆಂದೂ ಕೇಳಲಿಲ್ಲ.