ಮಿಸ್ ಥರ್ಕೆಟಲ್ ಬರೆದ ದ್ರೋಹಿ

ಲಿಂಕನ್‌ಶೈರಿನ ಮಾರ್ಷ್‌ಬಿ ಪೇಟೆಯಲ್ಲಿ ಥರ್ಕೆಟಲ್ ಅಕ್ಕತಂಗಿಯರ ಉಣ್ಣೆಯ ನೂಲಿನ ಅಂಗಡಿ ಎಲ್ಲರಿಗೂ ಗೊತ್ತಿತ್ತು. ತಂಗಿ ಐವಿ ಕೆಳಗೆ ವ್ಯಾಪಾರ ನೋಡಿಕೊಳ್ಳುತ್ತಿದ್ದಳು. ಅಕ್ಕ ವಿನಿಫ್ರೆಡ್ ಬೆಳಗ್ಗೆ ಅಂಗಡಿ ತೆಗೆಯುವವರೆಗೂ ಮಹಡಿಯ ಕೋಣೆಯಲ್ಲಿ ಕೂತು ಕಾದಂಬರಿ ಬರೆಯುತ್ತಿದ್ದಳು. ಎಲ್ಲವೂ ಹಳೆಯ ಕಾಲದ ಕಥೆಗಳೇ. ಯಾಕೆ ಎಂದು ಕೇಳಿದವರಿಗೆ, "ಈಗಿನವರ ಬಗ್ಗೆ ಬರೆದ್ರೆ ಜಗಳಕ್ಕೆ ಬರ್ತಾರೆ. ಮುನ್ನೂರು ವರ್ಷದ ಹಿಂದಿನವರು ಎದ್ದು ಬರಲ್ಲವಲ್ಲ" ಎನ್ನುತ್ತಿದ್ದಳು.

ಆ ಮಾತು ಸುಳ್ಳಾದದ್ದು 1937ರಲ್ಲಿ, ಆಕೆಯ ಐದನೆಯ ಕಾದಂಬರಿ ಬಂದಾಗ.

ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ನಡೆದ ಕಾಲದಲ್ಲಿ ಮಾರ್ಷ್‌ಬಿ ಪಾರ್ಲಿಮೆಂಟಿನ ಕಡೆಗಿತ್ತು. 1643ರ ಅಕ್ಟೋಬರಿನ ಒಂದು ಮುಂಜಾನೆ ರಾಜನ ಸವಾರರು ಒಳನುಗ್ಗಿ ಉತ್ತರ ಬೀದಿಯನ್ನು ಸುಟ್ಟರು. ಅವರಿಗಾಗಿ ಉತ್ತರದ ಹೆಬ್ಬಾಗಿಲಿನ ಅಗುಳಿ ತೆಗೆದವನು ಸೈಮನ್ ಡೌಸ್ ಎಂಬ ಕಟುಕ ಎಂದು ಊರಿನ ಬಾಯಿಮಾತು. ಡೌಸ್ ವಂಶದವರು ಈಗಲೂ ಅಲ್ಲೇ ಇದ್ದರು. ಪೇಟೆಗಿದ್ದ ಒಂದೇ ಮಾಂಸದ ಅಂಗಡಿ ಅವರದು. ಶಾಲೆಯಲ್ಲಿ ಆ ಮನೆಯ ಮಕ್ಕಳು ಒಳಗೆ ಬಂದರೆ ಉಳಿದವರು "ಬಾಗಿಲು ಹಾಕ್ಕೊಳ್ರೋ, ಡೌಸ್ ಬಂದ" ಎಂದು ಕೂಗುವುದಿತ್ತು. ವಿನಿಫ್ರೆಡ್ ಕೂಡ ಕೂಗಿದವಳೇ.

ಕಾದಂಬರಿಯಲ್ಲಿ ಅವಳು ಸೈಮನ್ ಡೌಸನಿಗೆ ಮೆಳ್ಳೆಗಣ್ಣು ಕೊಟ್ಟಳು, ಸದಾ ಬೆವರುವ ಅಂಗೈ ಕೊಟ್ಟಳು, ಬೆಳ್ಳಿಯ ಆಸೆ ಕೊಟ್ಟಳು. ಹೆಸರನ್ನು ಮಾತ್ರ ಬದಲಿಸಲಿಲ್ಲ. ಪುಸ್ತಕ ಐದು ಸಲ ಅಚ್ಚಾಯಿತು. ಲಂಡನ್ನಿನ ಪತ್ರಿಕೆಗಳು ನಾಯಕನನ್ನು ಒಂದು ಸಾಲಿನಲ್ಲಿ ಮುಗಿಸಿ, ಆ ದ್ರೋಹಿಯನ್ನು ಮಾತ್ರ ಮನಸಾರೆ ಹೊಗಳಿದವು.

ಒಂದು ಮಧ್ಯಾಹ್ನ ಮಾಂಸದಂಗಡಿಯ ಹಿರಿಯ ಏಮಸ್ ಡೌಸ್ ನೂಲಿನ ಅಂಗಡಿಗೆ ಬಂದ. ಎಪ್ಪತ್ತರ ಮುದುಕ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ನಿಮ್ಮ ಪುಸ್ತಕ ಸೊಸೆ ಓದಿ ಹೇಳಿದ್ಲು, ಮಿಸ್. ಪೂರ್ತಿ ಕೇಳ್ದೆ."

"ಅದು ಬರೀ ಕಥೆ, ಮಿಸ್ಟರ್ ಡೌಸ್. ಊರವರೆಲ್ಲ ಹೇಳೋದನ್ನೇ ತಾನೇ ನಾನೂ ಬರೆದಿದ್ದು?"

"ಊರವರು ಹೇಳ್ತಾರೆ, ಒಂದು ಲೋಟ ಬಿಯರ್ ಕುಡೀತಾರೆ, ಮರೆತುಬಿಡ್ತಾರೆ. ನೀವು ಅಚ್ಚು ಹಾಕಿಸಿದ್ರಿ. ಅವನ ಕೈ ಬೆವರ್ತಿತ್ತು ಅಂತ ನಿಮಗ್ಯಾರು ಹೇಳಿದ್ರು?"

ವಿನಿಫ್ರೆಡ್ ಕೌಂಟರಿನ ಮೇಲಿದ್ದ ನೂಲಿನ ಉಂಡೆಗಳನ್ನು ಸರಿಸಿಟ್ಟಳು. ಮುದುಕ ಟೋಪಿ ಹಾಕಿಕೊಂಡು ಹೋದ.

ಮೂರು ವರ್ಷಕ್ಕೆ ಯುದ್ಧದ ರೇಷನ್ ಬಂತು. ಪ್ರತಿ ಮನೆಯವರೂ ಒಬ್ಬ ಮಾಂಸದವನ ಬಳಿ ಹೆಸರು ಬರೆಸಲೇಬೇಕು. ಥರ್ಕೆಟಲ್‌ಗಳಿಗೆ ಡೌಸ್ ಬಿಟ್ಟರೆ ಗತಿಯಿಲ್ಲ. ಕೌಂಟರಿನಲ್ಲಿ ಏಮಸನ ಸೊಸೆ ಗ್ಲಾಡಿಸ್ ನಿಂತಿರುತ್ತಿದ್ದಳು. ವಾರವಾರವೂ ಇವರ ಪೊಟ್ಟಣದಲ್ಲಿ ನರ, ಮೂಳೆ, ಕೊಬ್ಬು.

"ಮೂಳೆ ಜಾಸ್ತಿ ಬಂತಾ ಮಿಸ್? ಹಳೇ ಕಾಲದ ಕುರಿ ಇರ್ಬೇಕು. ನಿಮಗೆ ಹಳೇದು ಅಂದ್ರೆ ಪ್ರಾಣ ಅಲ್ವಾ!" ಎಂದು ಗ್ಲಾಡಿಸ್ ಕೇಳಿದಾಗ ಸಾಲಿನಲ್ಲಿದ್ದವರೆಲ್ಲ ನಕ್ಕರು.

ಮನೆಯಲ್ಲಿ ಐವಿ ಆ ಮೂಳೆ ಬೇಯಿಸುತ್ತ ಗೊಣಗುತ್ತಿದ್ದಳು. "ದ್ರೋಹಿ ಬೇಕೇ ಬೇಕು ಅಂತಿದ್ರೆ ಮೀನಿನವನನ್ನ ಮಾಡ್ಬಾರ್ದಿತ್ತೇನೆ? ಮೀನಿಗಾದ್ರೂ ರೇಷನ್ ಇಲ್ಲ."

ವಿನಿಫ್ರೆಡ್ ಮತ್ತೆ ನಾಲ್ಕು ಕಾದಂಬರಿ ಬರೆದಳು. ಯಾವುದೂ ಅಷ್ಟು ಓಡಲಿಲ್ಲ.

1955ರಲ್ಲಿ ಚರ್ಚಿನ ಹೊಸ ಪಾದ್ರಿ, ತೇವ ಹಿಡಿದ ಹಳೆಯ ಕಾಗದಗಳನ್ನು ವಿಂಗಡಿಸಿಕೊಡಿ ಎಂದು ಅವಳನ್ನು ಕರೆದ. ಮೂರನೆಯ ದಿನ ಅವಳ ಕೈಗೆ ಹೂಳಿದವರ ಹೆಸರು ಬರೆಯುವ ಹಳೆಯ ಪುಸ್ತಕ ಬಂತು. 1643, ಅಕ್ಟೋಬರ್ ಎರಡು: ಕಟುಕ ಸೈಮನ್ ಡೌಸ್. ಸವಾರರು ಬಂದದ್ದು ಹನ್ನೊಂದರಂದು. ಇನ್ನೊಬ್ಬ ಸೈಮನ್ ಇದ್ದನೇನೋ ಎಂದು ಅವಳು ಹಿಂದೆ ಮುಂದೆ ಐವತ್ತು ವರ್ಷದ ಪುಟಗಳನ್ನು ಹುಡುಕಿದಳು. ಇರಲಿಲ್ಲ. ಊರ ಹಿರಿಯರ ಸಭೆಯ ಕಾಗದಗಳಲ್ಲಿ ಉಳಿದ ಕಥೆ ಸಿಕ್ಕಿತು. ಆ ವರ್ಷದ ವಸಂತದ ನೆರೆಗೆ ಊರಿನ ಸುತ್ತುಗೋಡೆ ಉತ್ತರದಲ್ಲಿ ಮೂವತ್ತು ಅಡಿ ಕುಸಿದಿತ್ತು. ಕಟ್ಟಿಸಬೇಕಾದವರು ಚರ್ಚಿನವರೋ ವರ್ತಕರೋ ಎಂದು ಬೇಸಿಗೆಯಿಡೀ ಜಗಳವಾಡಿ ಯಾರೂ ಕಟ್ಟಿಸಿರಲಿಲ್ಲ. ಸವಾರರು ಅಲ್ಲಿಂದಲೇ ಒಳಗೆ ಬಂದಿದ್ದರು. ಬಾಗಿಲನ್ನು ಯಾರೂ ತೆಗೆದಿರಲಿಲ್ಲ.

ಆ ದಿನ ವಿನಿಫ್ರೆಡ್ ಊಟಕ್ಕೆ ಮನೆಗೆ ಹೋಗಲಿಲ್ಲ.

ಅದೇ ಸಮಯಕ್ಕೆ ಪ್ರಕಾಶಕರು ಆ ಕಾದಂಬರಿಯನ್ನು ಅಗ್ಗದ ಬೆಲೆಗೆ ಮತ್ತೆ ತರುವವರಿದ್ದರು. ನಿಜ ಸಂಗತಿ ತಿಳಿಸುವ ಒಂದು ಪುಟ ಸೇರಿಸಿ ಎಂದು ಅವಳು ಬರೆದಳು. ಕಾದಂಬರಿಯೇನು ಕೋರ್ಟಿನ ಸಾಕ್ಷಿಯಲ್ಲ, ಓದುಗರಿಗೆ ಆ ದ್ರೋಹಿಯೇ ಬೇಕು ಎಂದು ಉತ್ತರ ಬಂತು. ಹಾಗಿದ್ದರೆ ಅಚ್ಚು ಹಾಕಬೇಡಿ ಎಂದು ಇವಳು ಬರೆದಳು. ಪುಸ್ತಕ ನಿಂತುಹೋಯಿತು.

"ದೊಡ್ಡ ಮನಸ್ಸು ಮಾಡಿದ್ರಿ ತಾವು," ಎಂದಳು ಐವಿ. "ಸೂರು ಸೋರ್ತಿದೆ. ಅದಕ್ಕೂ ಒಂದು ಕಾಗದ ಬರೆದುಬಿಡಿ."

ಡೌಸ್ ಮನೆಗೆ ಹೇಳುವುದು ಇನ್ನೂ ಬಾಕಿಯಿತ್ತು. ಅಷ್ಟರಲ್ಲಿ ಅಲ್ಲಿ ಗಾಳಿ ಬೇರೆ ಕಡೆಗೆ ಬೀಸಿತ್ತು. ಕಾದಂಬರಿ ಓದಿದವರು ಶನಿವಾರಗಳಂದು ಬಸ್ಸಿನಲ್ಲಿ ಊರು ನೋಡಲು ಬರುತ್ತಿದ್ದರು. ಏಮಸನ ಮಗ ಹಬರ್ಟ್ ಅಂಗಡಿಯ ಮೇಲೆ, ಅಗುಳಿ ಎತ್ತುತ್ತಿರುವ ಮೆಳ್ಳೆಗಣ್ಣಿನವನ ಚಿತ್ರ ಬರೆಸಿ ತೂಗುಹಾಕಿದ್ದ. ಒಳಗೆ 'ದ್ರೋಹಿ ಸಾಸೇಜ್' ಮಧ್ಯಾಹ್ನದೊಳಗೆ ಖಾಲಿಯಾಗುತ್ತಿತ್ತು.

ವಿನಿಫ್ರೆಡ್ ಹೋದದ್ದೂ ಶನಿವಾರವೇ. ಹಬರ್ಟ್ ಅವಳು ಬರೆದುಕೊಂಡು ಬಂದ ಹಾಳೆಯನ್ನು ಓದಿ, ಕತ್ತಿ ಕೆಳಗಿಟ್ಟ.

"ಅವತ್ತು ನಮ್ಮ ಮುತ್ತಜ್ಜನ್ನ ಕೆಟ್ಟವನು ಮಾಡಿದ್ರಿ, ಬಾಯಿ ಮುಚ್ಕೊಂಡಿದ್ವಿ. ಈಗ ನಾಲ್ಕು ಜನ ಅಂಗಡಿ ಕಡೆ ತಲೆ ಹಾಕೋ ಹೊತ್ತಿಗೆ ಒಳ್ಳೆಯವನು ಮಾಡ್ತೀನಿ ಅಂತ ಬಂದ್ರಾ?"

"ಗೋಡೆ ಬಿದ್ದಿತ್ತು ಅಂತ ಬೋರ್ಡ್ ಹಾಕಿದ್ರೆ ಯಾರ್ರೀ ಬರ್ತಾರೆ ಸಾಸೇಜ್‌ಗೆ?" ಎಂದಳು ಗ್ಲಾಡಿಸ್.

ಮೂಲೆಯ ಕುರ್ಚಿಯಲ್ಲಿ ಏಮಸ್ ಕೂತಿದ್ದ. ಎಂಬತ್ತೆಂಟಾಗಿತ್ತು, ಕಿವಿ ಹೆಚ್ಚುಕಡಿಮೆ ಹೋಗಿತ್ತು. "ಏನಂತಾರೆ ಅವರು?" ಎಂದ.

ವಿನಿಫ್ರೆಡ್ ಹತ್ತಿರ ಹೋಗಿ ಬಗ್ಗಿ ಕೂಗಿದಳು. "ಸೈಮನ್ ಡೌಸ್ ಬಾಗಿಲು ತೆಗೀಲಿಲ್ಲ! ಒಂಬತ್ತು ದಿನ ಮುಂಚೇನೇ ಅವನನ್ನ ಹೂಳಿದ್ರು! ನಾನು ಬರೆದಿದ್ದು ತಪ್ಪು!"

ಅಂಗಡಿ ತುಂಬ ಇದ್ದ ಜನ ಇತ್ತ ತಿರುಗಿದರು.

"ಇನ್ನೊಂದ್ಸಲ ಹೇಳಿ, ಮಿಸ್."

ಹೇಳಿದಳು. ಮುದುಕ ತುಟಿ ಎತ್ತಿ ಮೇಲಿನ ಬೋಳು ವಸಡನ್ನು ಮಗನಿಗೆ ತೋರಿಸಿದ. "ಶಾಲೇಲಿ ಹೊಡೆದಾಟದಲ್ಲಿ ಎರಡು ಹಲ್ಲು ಹೋಯ್ತು ನಂಗೆ, ಆ ಸೈಮನ್ ದೆಸೆಯಿಂದ. ಬೋರ್ಡ್ ಇಳಿಸು, ಹಬರ್ಟ್."

"ಅಪ್ಪಾ, ಇವತ್ತು ಶನಿವಾರ."

ಏಮಸ್ ಯೋಚಿಸಿದ. ಅವನೂ ವ್ಯಾಪಾರಿಯೇ. "ಸೋಮವಾರ ಇಳೀಬೇಕು," ಎಂದ.

ಸೋಮವಾರ ಬೋರ್ಡು ಇಳಿಯಿತು. ಸಾಸೇಜಿನ ಹೆಸರು ಮಾತ್ರ ಹೋಗಲಿಲ್ಲ. ಜನ ಅದೇ ಹೆಸರು ಹೇಳಿ ಕೇಳುತ್ತಿದ್ದರು.

ಆಮೇಲೆ ವಿನಿಫ್ರೆಡ್ ಬಿದ್ದ ಗೋಡೆಯ ಬಗ್ಗೆಯೇ ಕಾದಂಬರಿ ಶುರುಮಾಡಿದಳು. ಬುಧವಾರ ಮಧ್ಯಾಹ್ನ ಊರಿನ ಅಂಗಡಿಗಳೆಲ್ಲ ಮುಚ್ಚಿದ ಮೇಲೆ ಡೌಸ್ ಮನೆಗೆ ಹೋಗಿ, ಬರೆದಷ್ಟನ್ನು ಏಮಸನ ಕಿವಿಯ ಹತ್ತಿರ ಗಟ್ಟಿಯಾಗಿ ಓದುತ್ತಿದ್ದಳು. ಗ್ಲಾಡಿಸ್ ಚಹಾ ತಂದಿಡುತ್ತಿದ್ದಳು. ಮೊದಮೊದಲು ಮಾತಿಲ್ಲದೆ, ಆಮೇಲೆ ಕೇಕಿನ ಜೊತೆ.

"ಎರಡೇ ಪುಟಕ್ಕೆ ಸತ್ತುಹೋದ್ನಲ್ಲ ಸೈಮನ್?" ಎಂದು ಒಂದು ಬುಧವಾರ ಏಮಸ್ ಆಕ್ಷೇಪಿಸಿದ.

"ಸತ್ತಿದ್ದಂತೂ ನಿಜ ತಾನೇ, ಮಿಸ್ಟರ್ ಡೌಸ್?"

"ನಿಜ, ನಿಜ. ಸಾಯೋಕೆ ಮುಂಚೆ ಒಂದು ಒಳ್ಳೆ ಊಟನಾದ್ರೂ ಹಾಕಿ ಅವನಿಗೆ."

ವಿನಿಫ್ರೆಡ್ ಒಂದೂವರೆ ಪುಟದಷ್ಟು ಊಟ ಬರೆದಳು: ಬೆಂಕಿಯಲ್ಲಿ ಸುಟ್ಟ ದನದ ಪಕ್ಕೆ, ಬಟಾಣಿ, ಹೊಸ ಬಿಯರ್. ಅದಕ್ಕೆ ಯಾವ ಕಾಗದದ ಆಧಾರವೂ ಇರಲಿಲ್ಲ.

ಪುಸ್ತಕ ಅಚ್ಚಾಗುವ ಮೊದಲೇ ಏಮಸ್ ತೀರಿಕೊಂಡ. 1958ರಲ್ಲಿ ಅದು ಬಂದಾಗ, ಕಥೆ ನಿಧಾನ, ಕೆಟ್ಟವನೇ ಇಲ್ಲ ಎಂದು ಪತ್ರಿಕೆಗಳು ಬರೆದವು. ಕೆಲವು ನೂರು ಪ್ರತಿ ಮಾರಾಟವಾದವು. ಎಂಟು ವರ್ಷದ ನಂತರ ವಿನಿಫ್ರೆಡ್ ಎದೆಯ ಕಾಯಿಲೆಯಿಂದ ಸತ್ತಳು. ಹೂಳಿದ ದಿನ ಐವಿ ಅಂಗಡಿ ಮುಚ್ಚಿದ್ದಳು. ಗ್ಲಾಡಿಸ್ ದೊಡ್ಡದೊಂದು ಹಂದಿಮಾಂಸದ ಪೈ ಕಳಿಸಿದ್ದಳು. ಬಂದವರಲ್ಲಿ ಗೋಡೆಯ ಕಾದಂಬರಿಯನ್ನು ಓದಿದ್ದವರು ಮೂರು ಜನ.