ಅವ್ವ ತಪ್ಪಾಯ್ತು ಅನ್ನಲಿಲ್ಲ

ನಮ್ಮ ಅವ್ವ ಎತ್ತನ್ನು ಕೊಂದಳು ಎಂದು ಊರಲ್ಲಿ ಈಗಲೂ ಹೇಳುವವರಿದ್ದಾರೆ. ಕೊಂದದ್ದು ನಿಜ. ತಪ್ಪು ಮಾಡಿದಳು ಎಂಬುದನ್ನು ನಾನು ಒಪ್ಪುವುದಿಲ್ಲ. ನಾನು ಅಲ್ಲೇ ಇದ್ದೆ. ಅದಕ್ಕೇ ನಿಧಾನವಾಗಿ, ಕಂಡಷ್ಟನ್ನೇ ಬರೆಯುತ್ತೇನೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಅಜ್ಜಂಪುರದಿಂದ ತರೀಕೆರೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ಬೇಸಗೆಯಲ್ಲಿ ಕೆರೆ ಒಣಗಿದಾಗ ಅದರ ಗೋಡು ಮಣ್ಣನ್ನು ಗಾಡಿಯಲ್ಲಿ ಹೊಲಕ್ಕೆ ಹೊಡೆಯುವುದು ವಾಡಿಕೆ. ಅಪ್ಪ ಹಾಗೆ ಹೊಡೆಯುತ್ತಿದ್ದಾಗ, ಕೆರೆಯ ಏರಿ ಹತ್ತುವಲ್ಲಿ ತುಂಬಿದ ಗಾಡಿ ಹಿಂದಕ್ಕೆ ಜಾರಿ ಮಗುಚಿತು. ಒಂದು ಎತ್ತು ಎದ್ದು ನಿಂತಿತು. ಇನ್ನೊಂದು ಏಳಲಿಲ್ಲ. ಊರವರೇ ಅದನ್ನು ಹಲಗೆಯ ಮೇಲೆ ಎಳೆದು ತಂದು ನಮ್ಮ ಕೊಟ್ಟಿಗೆಯ ಮುಂದೆ ಮಲಗಿಸಿದರು.

ಮುಂಗಾಲು ಆಡುತ್ತಿತ್ತು. ಸೊಂಟದಿಂದ ಹಿಂದಕ್ಕೆ ಜೀವವಿರಲಿಲ್ಲ. ದನದ ಡಾಕ್ಟರು ಬಂದು ಬೆನ್ನು ತಡವಿ, “ಮೂಳೆ ಮುರ್ದಿದೆ ಕಣಮ್ಮ, ಇನ್ನು ಏಳಲ್ಲ. ನರಳದಂಗೆ ಹೋಗೋಕೆ ಇಂಜೆಕ್ಷನ್ ಇದೆ. ಆದ್ರೆ ನೀವು ಹೇಳ್ದೆ ನಾನು ಕೊಡಲ್ಲ” ಎಂದರು.

ಅಪ್ಪ ಡಾಕ್ಟರನ್ನು ಹಾಗೇ ಕಳಿಸಿಬಿಟ್ಟ. ನಾವು ಲಿಂಗ ಕಟ್ಟಿದವರು; ಎತ್ತೆಂದರೆ ನಮಗೆ ಬಸವ. ಸಾಯುವ ಎತ್ತಿನ ಹಣೆಗೆ ವಿಭೂತಿ ಹಚ್ಚಿ, ಬಾಯಿಗೆ ತೀರ್ಥ ಬಿಟ್ಟು, ಕಾಯುವುದು ಪದ್ಧತಿ. ಊರ ಮಠದ ವ್ಯವಹಾರ ನೋಡಿಕೊಳ್ಳುತ್ತಿದ್ದ ದೊಡ್ಡಪ್ಪ, ಎಂದರೆ ಅಪ್ಪನ ಅಣ್ಣ, ಬಂದು ವಿಭೂತಿ ಹಚ್ಚಿದರು. “ಶಿವ ಕರ್ಕೊಳ್ಳೋವರ್ಗೂ ಕಾಯ್ರಿ” ಎಂದು ಹೇಳಿ ಹೋದರು.

ಕಾದೆವು. ಅವ್ವ ಗೋಣಿತಾಟು ಕಟ್ಟಿ ನೆರಳು ಮಾಡಿದಳು. ಕಾಗೆಗಳು ಬಂದವು, ಮೊದಲು ಬಾಲದ ಬುಡಕ್ಕೆ ಕುಕ್ಕಿದವು, ಆಮೇಲೆ ಕಣ್ಣಿಗೆ. ನಾನೂ ಅವ್ವನೂ ಸರದಿಯಲ್ಲಿ ಕೂತು ಓಡಿಸಿದೆವು. ನೆಲಕ್ಕೆ ಒತ್ತಿದ ಪಕ್ಕೆಯಲ್ಲಿ ಹುಳ ಬಿದ್ದಿತು. ಬೇವಿನ ಸೊಪ್ಪು ಅರೆದು ಮೆತ್ತಿದರೂ ನಿಲ್ಲಲಿಲ್ಲ. ಎತ್ತು ಕೂಗುತ್ತಿರಲಿಲ್ಲ, ಹಲ್ಲು ಕಡಿಯುತ್ತಿತ್ತು. ಆ ಸದ್ದು ಅಡುಗೆಮನೆಯವರೆಗೂ ಬರುತ್ತಿತ್ತು.

ಒಂದು ಬೆಳಿಗ್ಗೆ ಅವ್ವ ಅಪ್ಪನ ಎದುರು ನಿಂತಳು. “ಹೋಗಿ ಡಾಕ್ಟ್ರನ್ನ ಕರ್ಕೊಂಬನ್ನಿ.”

“ಅಣ್ಣ ಬಿಡ್ತಾನಾ?”

“ಅವರೇನು ಬಂದು ಕಾಗೆ ಓಡ್ಸಿದ್ರಾ?”

ಅಪ್ಪ ಸೈಕಲ್ ತೆಗೆದ.

ಇಂಜೆಕ್ಷನ್ ಕೊಡುವಾಗ ಎತ್ತಿನ ತಲೆ ಅವ್ವನ ತೊಡೆಯ ಮೇಲಿತ್ತು. ಮೊದಲು ಹಲ್ಲು ಕಡಿಯುವುದು ನಿಂತಿತು. ಉಸಿರು ನಿಂತದ್ದು ಆಮೇಲೆ.

ಎತ್ತು ಸತ್ತರೆ ಊರವರೆಲ್ಲ ಸೇರಿ ಹೊಲಕ್ಕೆ ಎಳೆದು ಹೂಳುತ್ತಾರೆ. ಅಂದು ಯಾರೂ ಬರಲಿಲ್ಲ. ನಾವು ಮೂವರೇ ಕೊಟ್ಟಿಗೆಯ ಪಕ್ಕದಲ್ಲೇ ಗುಂಡಿ ತೋಡಿ, ಹಾರೆಯಿಂದ ಮೀಟಿ ಉರುಳಿಸಿದೆವು.

ಸಂಜೆ ದೊಡ್ಡಪ್ಪ ಬಂದು ಜಗಲಿಯ ಕೆಳಗೇ ನಿಂತರು. “ಬಸವನ್ನ ಕೊಂದ್ಬಿಟ್ಟೆಯಲ್ಲಮ್ಮ. ಮಠಕ್ಕೆ ಬಂದು ಗದ್ದಿಗೆ ಮುಂದೆ ತಪ್ಪಾಯ್ತು ಅನ್ನು. ಇಲ್ದಿದ್ರೆ ಪಂಕ್ತೀಲಿ ನಿಮ್ಮನೆಯೋರಿಗೆ ಎಲೆ ಹಾಕಲ್ಲ.”

“ಕೊಲ್ಬಾರ್ದು ಅಂತ ನಂಗೂ ಗೊತ್ತು ಬಾವನೋರೇ. ಹುಳಕ್ಕೆ ಹಾಕಿ ನೋಡ್ತಾ ಕೂರ್ಬೋದು ಅಂತ ಯಾರು ಹೇಳಿದ್ರು?”

“ಬಾಯಿ ಬಹಳ ಆಯ್ತು ನಿಂದು.”

“ಎಲೆ ತಾನೇ? ನಮ್ಮ ಹಿತ್ಲಲ್ಲೂ ಬಾಳೆಗಿಡ ಅವೆ.”

ಅವ್ವ ಹಾಗೆ ಅಂದುಬಿಟ್ಟಳು. ನೋವು ತಿಂದವನು ಅಪ್ಪ. ಮಠದಲ್ಲಿ ಊಟಕ್ಕೆ ಗಂಟೆ ಹೊಡೆದಾಗ ಅವನು ಅಂಗಳದಲ್ಲಿ ಆ ಕಡೆ ನೋಡುತ್ತ ನಿಂತಿರುತ್ತಿದ್ದ. ನನಗೂ ಅಳುಕಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ಸಂದರ್ಭ ಹೇಳಿಕೊಂಡು ಕಟ್ಟು ಮುರಿದರೆ ಯಾವ ಕಟ್ಟು ಉಳಿಯುತ್ತದೆ ಎಂದು ದೊಡ್ಡಪ್ಪ ಕೇಳುತ್ತಿದ್ದರು. ಅದು ದಡ್ಡ ಪ್ರಶ್ನೆಯಲ್ಲ.

ಮಳೆಗಾಲ ಕಳೆದ ಮೇಲೆ ಸಖರಾಯಪಟ್ಟಣದಿಂದ ಅವ್ವನ ತಮ್ಮ ಬಂದ. “ಅಕ್ಕಾ, ನೀನು ಧೈರ್ಯವಂತೆ ಕಣೇ. ನಮ್ಮ ಗೊಡ್ಡು ಹಸೂಗೂ ಅದೇ ಇಂಜೆಕ್ಷನ್ ಹಾಕ್ಸಣ ಅಂತಿದೀನಿ. ನಿಮ್ಮ ಡಾಕ್ಟ್ರಿಗೆ ಒಂದು ಮಾತು ಹೇಳು.”

“ಎದ್ದು ಓಡಾಡತ್ತಾ?”

“ಓಡಾಡತ್ತೆ.”

“ಮೇಯತ್ತಾ?”

“ಅದೇ ತಾಪತ್ರಯ, ಚೆನ್ನಾಗಿ ಮೇಯತ್ತೆ!” ಎಂದು ನಕ್ಕ.

ಅವ್ವ ನಗಲಿಲ್ಲ. “ಹಂಗಾದ್ರೆ ಎದ್ದೇಳೋ. ಬದುಕೋಕೆ ಆಸೆ ಇರೋ ಪ್ರಾಣೀನ ಕೊಲ್ಲೋಕೆ ನನ್ನ ಹೆಸರು ತಗೊಂಡೀಯಾ, ಜೋಕೆ.” ಅವನು ಸಿಟ್ಟಿನಿಂದ ಎದ್ದು ಹೋದ.

ಈ ಸುದ್ದಿ ದೊಡ್ಡಪ್ಪನಿಗೆ ಮುಟ್ಟಿತು. ಶಿವರಾತ್ರಿಗೆ ಮುಂಚೆ ಅವರು ಬಂದು, ಈ ಸಲ ಜಗಲಿ ಹತ್ತಿ ಕೂತರು. ದನಿ ಮೆತ್ತಗಿತ್ತು. “ತಮ್ಮನ್ನ ವಾಪಸ್ ಕಳಿಸ್ದೆಯಂತೆ. ನಿಂಗೂ ಧರ್ಮ ಗೊತ್ತದೆ. ಈಗ್ಲಾದ್ರೂ ಆ ಒಂದು ಮಾತು ಅಂದ್ಬಿಡು ತಾಯಿ. ನಾನೇ ಎಲೆ ಹಾಕಿಸ್ತೀನಿ.”

“ಅವನ್ನ ಕಳಿಸಿದ್ದೂ ನಾನೇ, ಎತ್ತಿನ ತಲೆ ಹಿಡ್ಕೊಂಡಿದ್ದೂ ನಾನೇ. ಒಂದನ್ನ ಮೆಚ್ಚಿ ಇನ್ನೊಂದಕ್ಕೆ ತಪ್ಪಾಯ್ತು ಅನ್ನು ಅಂದ್ರೆ ಆಗಲ್ಲ ಬಾವನೋರೇ.”

ದೊಡ್ಡಪ್ಪ ಅಪ್ಪನ ಕಡೆ ತಿರುಗಿದರು. “ನೀನಾದ್ರೂ ಹೇಳೋ. ಮನೆ ಯಜಮಾನ ನೀನು. ನೀನು ಅಂದ್ರೂ ಸಾಕು.”

ಅಪ್ಪ ಅಂದುಬಿಡುತ್ತಾನೆ ಎಂದೇ ನನಗನಿಸಿತು. ಪಂಕ್ತಿಯ ಆಸೆ ಅವನಿಗೆ ಎಷ್ಟಿತ್ತೆಂದು ನಾನು ಬಲ್ಲೆ.

“ಅಣ್ಣಯ್ಯ,” ಎಂದ, “ಅವತ್ತು ಸೈಕಲ್ ತುಳ್ಕೊಂಡು ಡಾಕ್ಟ್ರನ್ನ ಕರೆಯೋಕೆ ಹೋದೋನು ನಾನು. ಅವಳು ಅನ್ನಲ್ಲ. ನಾನೂ ಅನ್ನಲ್ಲ. ಕಾಫಿ ಕುಡ್ದು ಹೋಗು.”

ದೊಡ್ಡಪ್ಪ ಕಾಫಿ ಕುಡಿಯಲಿಲ್ಲ. ಆ ಶಿವರಾತ್ರಿಯ ಮರುದಿನದ ಪಂಕ್ತಿಯಲ್ಲೂ ಮಠದಲ್ಲಿ ನಮಗೆ ಎಲೆ ಹಾಕಲಿಲ್ಲ. ಗಂಟೆ ಹೊಡೆದಾಗ ಅಪ್ಪ ಅಂಗಳಕ್ಕೆ ಹೋಗಲಿಲ್ಲ. ಒಳಗೆ ಬಂದು, ಊಟಕ್ಕೆ ಬಡಿಸು ಎಂದ.