ಬಚ್ಚಲಿನಲ್ಲೊಬ್ಬ ಲೆನ್ಸ್ ಡಾಕ್ಟರು
ಬಚ್ಚಲುಮನೆಯ ಬಾಗಿಲು ಹಾಕಿದೆಯೆಂದರೆ ನಮ್ಮ ಬೀದಿಯ ಲೆನ್ಸ್ ಡಾಕ್ಟರು ಯಾರದೋ ಕ್ಯಾಮೆರಾ ಲೆನ್ಸಿನೊಳಗಿನ ಧೂಳು ತೆಗೆಯಲು ಕೂತಿದ್ದಾರೆಂದೇ ಅರ್ಥ. ಬಿಸಿನೀರಿನ ಹಬೆಗೆ ಗಾಳಿಯ ಧೂಳೆಲ್ಲ ನೆಲ ಕಚ್ಚಿದ ಮೇಲೆಯೇ ಅವರು ಉಸಿರು ಬಿಗಿಹಿಡಿದು ಲೆನ್ಸ್ ಬಿಚ್ಚುವುದು. ಆಗ ಮನೆಯಲ್ಲಿ ಯಾರೂ ಸೀನುವಂತಿಲ್ಲ. "ರೀ, ನಾನು ಸ್ನಾನ ಮಾಡ್ಬೇಕು! ಆ ಚುಕ್ಕೆ ಫೋಟೋದಲ್ಲಿ ಯಾರಿಗ್ರೀ ಕಾಣುತ್ತೆ?" ಎಂದು ಹೆಂಡತಿ ಬಾಗಿಲು ಬಡಿದರೆ, "ನನಗೆ ಕಾಣುತ್ತಲ್ಲ!" ಎಂಬ ಗರ್ಜನೆ. ಕೊನೆಗೆ "ಸಿಕ್ಕಿಬಿದ್ದ ಕಣೇ ಕಳ್ಳ!" ಎನ್ನುತ್ತಾ ಕೋಟೆ ಗೆದ್ದವರಂತೆ ಹೊರಬಂದು, ಬಾಗಿಲಲ್ಲಿ ನಿಂತ ಹೆಂಡತಿಯದೇ ಮೊದಲ ಫೋಟೋ ತೆಗೆಯುತ್ತಾರೆ. ಪಡಸಾಲೆಯ ಗೋಡೆ ತುಂಬ ಅವೇ: ಹೆಗಲ ಮೇಲೆ ಟವೆಲ್, ಬೈಯುವ ಬಾಯಿ, ವರ್ಷವರ್ಷಕ್ಕೂ ನರೆಯುತ್ತ ಬಂದ ಕೂದಲು, ಧೂಳು ಮಾತ್ರ ಒಂದರಲ್ಲೂ ಇಲ್ಲ. ಸ್ನಾನಕ್ಕೆಂದು ಕಾದು ನಿಂತ ಆಕೆ ಎಲ್ಲದರಲ್ಲೂ ಚೊಕ್ಕವಾಗಿ ತಲೆ ಬಾಚಿಕೊಂಡಿದ್ದಾರೆ.